ಅಮ್ಮ ತೊಳೆದ ಮಸಿ

ಈ ಸಂಗತಿ ನೆನೆದರೆ ನನಗೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ. ಯಾರ ಮೇಲೆ ಎಂದು ಕೇಳಿದರೆ ಮಾತ್ರ ತಡವರಿಸುತ್ತೇನೆ.

ಚೆನ್ನೈನಲ್ಲಿ ಪಿಎಚ್.ಡಿ.ಗೆ ಸೇರಿದ ಹೊಸದರಲ್ಲಿ, ನೀನು ಅಲ್ಲಿ ಮಾಡುವುದಾದರೂ ಏನು ಎಂದು ಅಮ್ಮ ಕೇಳಿದ್ದಳು. ಅವಳು ತೆಂಗಿನಕಾಯಿ ತುರಿಯುತ್ತ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು ಹೇಳಿದೆ. ನಾವು ಉಸಿರು ಬಿಟ್ಟಾಗ ಬರುವ ಗಾಳಿ, ತಿರುವೊಟ್ಟಿಯೂರಿನ ಕಾರ್ಖಾನೆಗಳ ಚಿಮಣಿಯಿಂದ ಬರುವ ಗಾಳಿ, ಅದೇ ಇಂಗಾಲದ ಡೈಆಕ್ಸೈಡು. ಅದನ್ನು ನೀರಿನಲ್ಲಿ ಕರಗಿಸಿ, ಅದರೊಳಗೆ ಒಂದು ಕಪ್ಪು ಪಟ್ಟಿ ಇಳಿಬಿಟ್ಟು ಕರೆಂಟು ಹಾಯಿಸುತ್ತೇವೆ. ಆಗ ಆ ಗಾಳಿ ಮತ್ತೆ ಉರಿಯುವ ಅನಿಲವಾಗುತ್ತದೆಯೇ ಎಂದು ನೋಡುತ್ತೇವೆ. ಪಟ್ಟಿಗೆ ಬಳಿಯುವ ಪುಡಿಯ ಮೇಲೆ ಎಲ್ಲ ನಿಂತಿದೆ, ಆ ಪುಡಿಯನ್ನು ನಾನು ತೆಂಗಿನ ಚಿಪ್ಪು ಸುಟ್ಟು ಮಾಡುತ್ತೇನೆ.

"ಅಂದ್ರೆ ಬಿಟ್ಟ ಉಸಿರಲ್ಲಿ ಒಲೆ ಹಚ್ತೀಯಾ?"

"ಹಾಗೇ ಅನ್ಕೋ."

"ಸೀಕ್ರಂ ಮಾಡೇ ಮಹರಾಯ್ತಿ. ಸಿಲಿಂಡರಿಗೆ ಬುಕ್ ಮಾಡಿ ಇಪ್ಪತ್ತು ದಿನ ಆಯ್ತು, ಇನ್ನೂ ಪತ್ತೇನೇ ಇಲ್ಲ."

ಸೀಕ್ರಂ! ಬೇಗ! ಹೇಳುವುದಕ್ಕೇನು. ನಮ್ಮದು ಅಜ್ಜನ ಕಾಲಕ್ಕೇ ಮದರಾಸಿಗೆ ಬಂದು ನೆಲೆಸಿದ ಮನೆತನ. ಅಪ್ಪ ಪೆರಂಬೂರಿನಲ್ಲಿ ರೈಲ್ವೆ ನೌಕರಿ ಮಾಡಿ ನಿವೃತ್ತರಾಗಿದ್ದರು. ಮನೆಯ ಕನ್ನಡದಲ್ಲಿ ಅರ್ಧ ತಮಿಳು ಬೆರೆತಿತ್ತು. ಮಡಿ, ಮೈಲಿಗೆ, ಏಕಾದಶಿ ಮಾತ್ರ ಒಂದಿಷ್ಟೂ ಬೆರಕೆಯಾಗದೆ ಉಳಿದಿದ್ದವು. ಅಮ್ಮ ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಶಾಲೆಗೇ ಮೊದಲು ಬಂದವಳು. ಮುಂದೆ ಓದಿಸಲಿಲ್ಲ, ಮದುವೆ ಮಾಡಿದರು. ಹಾಗಾಗಿ ನನ್ನ ಲ್ಯಾಬಿನ ಸುದ್ದಿ ಎಂದರೆ ಅವಳಿಗೆ ಧಾರಾವಾಹಿಗಿಂತ ಹೆಚ್ಚು. ನಾನು ಕಾರ್ಬನ್ ಎನ್ನುತ್ತಿದ್ದುದನ್ನು ಅವಳು ಮಸಿ ಎನ್ನುತ್ತಿದ್ದಳು.

ನಮ್ಮ ಗೈಡು ತಮಿಳರು, ಕೆಲಸದಲ್ಲಿ ಹಟಮಾರಿ. ಇಂಗಾಲದ ಡೈಆಕ್ಸೈಡನ್ನು ಉರಿಯುವ ಅನಿಲ ಮಾಡುವುದಕ್ಕೆ ತಾಮ್ರ ಒದಗುತ್ತದೆ ಎಂಬುದು ಆಗಲೇ ಲೋಕಕ್ಕೆಲ್ಲ ಗೊತ್ತಿತ್ತು. ತಾಮ್ರದ ತಗಡು ಇಳಿಬಿಟ್ಟರೆ ಸಾಕು, ಮೀಥೇನು, ಎಥಿಲೀನು ಬರುತ್ತವೆ. ಸಾರ್‌ಗೆ ಅದು ಬೇಡ. "ಮೆಟಲ್ ಪೋಟ್ಟಾ ಯಾರ್ ವೇಣುಮ್ನಾಲುಂ ಪಣ್ಣಲಾಮ್ಮಾ" ಎನ್ನುತ್ತಿದ್ದರು. ಲೋಹ ಹಾಕಿ ಯಾರು ಬೇಕಾದರೂ ಮಾಡಿಯಾರು, ನಾವು ಲೋಹದ ಸೋಂಕೇ ಇಲ್ಲದೆ ಬರೀ ಕಾರ್ಬನ್ನಿನಲ್ಲಿ ಮಾಡಿ ತೋರಿಸಬೇಕು. ಕೇಳುವುದಕ್ಕೆ ಬಹಳ ಚೆನ್ನಾಗಿತ್ತು. ನಾನು ಮರುಳಾದೆ.

ಕೋಯಂಬೇಡಿನ ಎಳನೀರಿನವರ ಹತ್ತಿರ ಚೀಲಗಟ್ಟಲೆ ಚಿಪ್ಪು ತಂದೆ. ಸುಟ್ಟೆ, ಅರೆದೆ, ಯೂರಿಯಾ ಸೇರಿಸಿ ಮತ್ತೆ ಸುಟ್ಟೆ, ಆಸಿಡ್ಡಿನಲ್ಲಿ ಕುದಿಸಿದೆ, ತೊಳೆದೆ, ಪಟ್ಟಿಗೆ ಬಳಿದೆ. ಅನಿಲವನ್ನು ಅಳೆಯುವ ಯಂತ್ರಕ್ಕೆ ಒಂದು ಪೆನ್ನು ಜೋಡಿಸಿದ್ದರು. ಉರಿಯುವ ಅನಿಲ ಇದ್ದರೆ ಆ ಪೆನ್ನು ಕಾಗದದ ಮೇಲೆ ಗುಡ್ಡದಂತೆ ಒಂದು ಗೆರೆ ಎಬ್ಬಿಸಬೇಕು. ಗುಡ್ಡ ಎಲ್ಲಿಯದು ಬಂತು! ಮರೀನಾದ ಮರಳಿನ ಹಾಗೆ ಚಪ್ಪಟೆ. ಎಷ್ಟು ಬಡಕೊಂಡರೂ ನೀರು ಒಡೆದು ಹೈಡ್ರೋಜನ್ ಬರುತ್ತಿತ್ತೇ ಹೊರತು ಬೇರೇನೂ ಬರಲಿಲ್ಲ. ಒಂದು ದಿನ ವೋಲ್ಟೇಜು ಕೈಕೊಡುತ್ತಿತ್ತು, ಇನ್ನೊಂದು ದಿನ ಸೆಕೆಗೆ ಪುಡಿಯೆಲ್ಲ ತೇವ ಹೀರಿ ಮುದ್ದೆಯಾಗುತ್ತಿತ್ತು. ಬೆಳಿಗ್ಗೆ ಸಾರ್ ಬಾಗಿಲಲ್ಲೇ ನಿಂತು "ವಂದುದಾ?" ಎನ್ನುತ್ತಿದ್ದರು. "ಇಲ್ಲೆ ಸಾರ್." ಸಂಜೆ ಎರಡು ಬಸ್ಸು ಹಿಡಿದು ಪೆರಂಬೂರಿಗೆ ಬಂದರೆ ಅಮ್ಮ ಚಪ್ಪಲಿ ಬಿಡುವುದಕ್ಕೂ ಬಿಡದೆ "ಬಂತೇನೇ?" ಎನ್ನುತ್ತಿದ್ದಳು. "ಇಲ್ಲಮ್ಮ." ನಾಲ್ಕು ಬ್ಯಾಚು ಪುಡಿ, ಮೂರು ವರ್ಷ, ಎರಡೂ ಕಡೆ ಇದೇ ಉತ್ತರ. ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಐದನೇ ಬ್ಯಾಚಿನ ಹೊತ್ತಿಗೆ ಊರಿಗೆ ಊರೇ ನೀರಿಲ್ಲದೆ ಒದ್ದಾಡುತ್ತಿತ್ತು. ಎರಡು ಸಾವಿರದ ಮೂರರ ಆಸುಪಾಸಿನ ಆ ಬೇಸಿಗೆಗಳನ್ನು ಚೆನ್ನೈನವರು ಯಾರೂ ಮರೆತಿರಲಾರರು. ಬೀದಿಯಲ್ಲಿ ತಣ್ಣಿ ಲಾರಿಯ ಹಾರ್ನು ಕೇಳಿದರೆ ಸಾಕು, ಅಮ್ಮ ಪೂಜೆ ಬಿಟ್ಟು ಪ್ಲಾಸ್ಟಿಕ್ ಕೊಡ ಹಿಡಿದು ಓಡುತ್ತಿದ್ದಳು. ನಮ್ಮ ಲ್ಯಾಬಿನಲ್ಲಿ ಡಿಸ್ಟಿಲ್ಡ್ ವಾಟರ್ ಮಾಡುವ ಯಂತ್ರಕ್ಕೆ ತಂಪು ಮಾಡಲೆಂದೇ ಒಂದು ನಲ್ಲಿ ಸದಾ ಹರಿಯುತ್ತಿರಬೇಕು. ನಲ್ಲಿಯೇ ಬತ್ತಿದ ಮೇಲೆ ಯಂತ್ರವೂ ನಿಂತಿತು. ಕೊನೆಗೆ ಹಾಸ್ಟೆಲ್ಲಿಗೂ ನೀರು ಒದಗಿಸಲಾರದೆ ಹತ್ತು ದಿನ ರಜೆ ಘೋಷಿಸಿ ಎಲ್ಲರನ್ನೂ ಮನೆಗೆ ಅಟ್ಟಿದರು. ನನ್ನ ಪುಡಿ ಆಗಷ್ಟೇ ಆಸಿಡ್ಡಿನಿಂದ ಹೊರಬಂದಿತ್ತು. ಅದನ್ನು ಆಸಿಡ್ಡಿನ ಅಂಶ ಪೂರ್ತಿ ಹೋಗುವತನಕ ನೀರು ಬದಲಾಯಿಸುತ್ತ ತೊಳೆಯಬೇಕು. ಹಾಗೇ ಬಿಟ್ಟರೆ ಆರು ತಿಂಗಳ ಕೆಲಸ ಹಾಳು.

ಬ್ಯಾಟರಿ ಅಂಗಡಿಗೆ ಹೋಗಿ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನ ಕ್ಯಾನುಗಳನ್ನು ಆಟೋದಲ್ಲಿ ಹೇರಿಕೊಂಡು ಮನೆಗೆ ಬಂದೆ. ತೊಳೆಯೋಣ ಎಂದರೆ ಮರುದಿನವೇ ಹೈದರಾಬಾದಿನಲ್ಲಿ ಸೆಮಿನಾರು. ತಪ್ಪಿಸಿದರೆ ಸಾರ್ ಸುಮ್ಮನಿರುವವರಲ್ಲ. ಅಮ್ಮ ತಾನೇ ಮುಂದೆ ಬಂದಳು.

"ನಾನ್ ತೊಳೀತೀನಿ ಬಿಡೇ. ಅಕ್ಕಿ ತೊಳೆದ ಹಾಗೆ ತಾನೇ?"

"ಅಕ್ಕಿ ತೊಳೆದ ಹಾಗಲ್ಲಮ್ಮ. ನೀರು ಹಾಕು, ಕಲಕು, ಪುಡಿ ತಳಕ್ಕೆ ಕೂತ ಮೇಲೆ ನೀರು ಬಸಿ. ಮತ್ತೆ ಹೊಸ ನೀರು. ಈ ಕಾಗದದ ಚೂರು ಅದ್ದಿ ನೋಡು, ಕೆಂಪಗಾದ್ರೆ ಇನ್ನೂ ತೊಳೀಬೇಕು. ಹಸಿರಿಗೆ ತಿರುಗಿದ್ರೆ ಸಾಕು. ಆ ನೀಲಿ ಟಬ್ಬಲ್ಲಿ ಮಾಡು."

"ಬೇರೇನಾದ್ರೂ ಬಿದ್ರೆ?"

"ಏನೂ ಬೀಳಕೂಡದು. ಏನೂ ಸೋಕಕೂಡದು. ನಿನಗೆ ಹೇಗೆ ಹೇಳ್ಲಿ... ಮಡಿ ಇದ್ದ ಹಾಗೆ ಅನ್ಕೋ. ಮಡಿಯಲ್ಲಿ ದೇವರ ಅಡಿಗೆ ಹೇಗೆ ಮಾಡ್ತೀಯೋ, ಹಾಗೆ."

ಅಮ್ಮನ ಮುಖ ಅರಳಿತು. "ಅಷ್ಟು ಹೇಳಿದ್ರೆ ಸಾಕು. ನೀನು ನಿಶ್ಚಿಂತೆಯಿಂದ ಹೋಗಿ ಬಾ."

ನಾಲ್ಕು ದಿನ ಬಿಟ್ಟು ಬಂದಾಗ ಪುಡಿ ಒಣಗಿ ಗಾಜಿನ ಬೀಕರಿನಲ್ಲಿತ್ತು, ಮೇಲೆ ಬಿಳಿ ಬಟ್ಟೆ ಕಟ್ಟಿತ್ತು. ಎಷ್ಟು ಸಲ ನೀರು ಬದಲಾಯಿಸಿದೆ, ಯಾವ ಹೊತ್ತಿಗೆ ಕಾಗದ ಯಾವ ಬಣ್ಣ ತಿರುಗಿತು ಎಂದು ಅಮ್ಮ ಹಾಲಿನ ಕಾರ್ಡಿನ ಹಿಂದೆ ಬರೆದಿಟ್ಟಿದ್ದಳು. ಲ್ಯಾಬಿನಲ್ಲಿ ನಾನೂ ಅಷ್ಟು ಚೊಕ್ಕಟವಾಗಿ ಬರೆದವಳಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಹಾಕಿದೆ: ಆಸಿಡ್ಡು ಹೋಗುವತನಕ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆಯಲಾಯಿತು.

ಲ್ಯಾಬು ತೆರೆದ ವಾರ ಆ ಪುಡಿಯನ್ನು ಪಟ್ಟಿಗೆ ಬಳಿದು ಕರೆಂಟು ಕೊಟ್ಟೆ. ಪೆನ್ನು ಮೇಲೆದ್ದಿತು. ನಾನು ಮೊದಲು ವೋಲ್ಟೇಜಿನ ಚೇಷ್ಟೆ ಎಂದುಕೊಂಡೆ. ಇನ್ನೊಮ್ಮೆ ಮಾಡಿದೆ. ಮತ್ತೆ ಎದ್ದಿತು! ಒಂದಲ್ಲ, ಎರಡು ಗುಡ್ಡ. ಮೀಥೇನು, ಎಥಿಲೀನು. ಸಾರ್ ಬಾಗಿಲಲ್ಲಿ ಬಾಯಿ ತೆರೆಯುವುದರೊಳಗೆ "ವಂದುದು ಸಾರ್!" ಎಂದು ಕೂಗಿದೆ. ಅವರು ಆ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದೇ ನೋಡಿದ್ದು. ಮನೆಯಲ್ಲಿ ಅಮ್ಮ ಪಾಯಸ ಮಾಡಿದಳು. ಪಕ್ಕದ ಮನೆಯವರಿಗೆ, ಎದುರುಮನೆಯವರಿಗೆ, ತಣ್ಣಿ ಲಾರಿಯ ಸಾಲಿನಲ್ಲಿ ನಿಂತವರಿಗೆಲ್ಲ "ನನ್ ಮಗಳದು ಬಂತು, ಮಸಿ ತೊಳೆದಿದ್ದು ನಾನೇ" ಎಂದು ಹೇಳಿಕೊಂಡು ಬಂದಳು. ಅವರಿಗೆ ಏನು ತಿಳಿಯಿತೋ ಏನೋ.

ಲೋಹವಿಲ್ಲದ ಕಾರ್ಬನ್ ಎಂದು ದೊಡ್ಡದಾಗಿ ಪೇಪರು ಬರೆದು ಹೊರದೇಶದ ಪತ್ರಿಕೆಗೆ ಕಳಿಸಿದೆವು. ಎರಡು ತಿಂಗಳಿಗೆ ಪರಿಶೀಲಕರ ಉತ್ತರ ಬಂತು. ಫಲಿತಾಂಶ ಚೆನ್ನಾಗಿದೆ, ಹೊಸದಾಗಿ ಪುಡಿ ಮಾಡಿ ಇನ್ನೊಮ್ಮೆ ತೋರಿಸಿದರೆ ಒಪ್ಪುತ್ತೇವೆ ಎಂದಿದ್ದರು. ಅದರಲ್ಲೇನು ಮಹಾ ಎಂದುಕೊಂಡೆ. ಮಾರ್ಚ್ ಕೊನೆಗೆ ನನ್ನ ರಿಜಿಸ್ಟ್ರೇಷನ್ನಿನ ಕೊನೆಯ ವಿಸ್ತರಣೆ ಮುಗಿಯುತ್ತಿತ್ತು. ಅಷ್ಟರೊಳಗೆ ಈ ಒಂದು ಪೇಪರು ಒಪ್ಪಿಗೆಯಾದರೆ ಪ್ರಬಂಧ ಒಪ್ಪಿಸಬಹುದು, ಡಾಕ್ಟರೇಟು ಸಿಕ್ಕ ಹಾಗೆ. ಆಗದಿದ್ದರೆ ಐದು ವರ್ಷಕ್ಕೆ ಎಳ್ಳುನೀರು.

ಆರನೇ ಬ್ಯಾಚು ಮಾಡಿದೆ. ಚಪ್ಪಟೆ. ಏಳನೆಯದೂ ಚಪ್ಪಟೆ, ಎಂಟನೆಯದೂ ಚಪ್ಪಟೆ. ಅಷ್ಟರಲ್ಲಿ ಮಳೆ ಬಂದು ಲ್ಯಾಬಿನ ನಲ್ಲಿಯಲ್ಲಿ ನೀರಿತ್ತು, ಒಳ್ಳೆಯ ಡಿಸ್ಟಿಲ್ಡ್ ವಾಟರಿನಲ್ಲಿ ಗಾಜಿನ ಪಾತ್ರೆಯಲ್ಲೇ ತೊಳೆದಿದ್ದೆ. ಆದರೂ ಬರದು. ಸಾರ್ ಸಿಡಿಮಿಡಿಗೊಂಡರು. ಐದರಲ್ಲಿ ಬಂದದ್ದು ಆರರಲ್ಲಿ ಏಕೆ ಬರುವುದಿಲ್ಲ, ನಿನ್ನ ಕೈಯಲ್ಲೇ ಏನೋ ಅಜಾಗರೂಕತೆ ಇದೆ ಎಂದು ಎಲ್ಲರೆದುರಿಗೆ ಅಂದರು. ಚಿಪ್ಪು ಬೇರೆಯೇ ಎಂದು ಮತ್ತೆ ಕೋಯಂಬೇಡಿಗೆ ಹೋಗಿ ಅದೇ ಎಳನೀರಿನವನನ್ನು ಹುಡುಕಿದೆ. ಒಲೆಯ ಶಾಖ ಬೇರೆಯೇ ಎಂದು ಥರ್ಮಾಮೀಟರು ಬದಲಾಯಿಸಿದೆ. ಅರೆಯುವ ಯಂತ್ರದ ಕಬ್ಬಿಣವೇನಾದರೂ ಐದನೆಯದರಲ್ಲಿ ಸೇರಿದೆಯೇ ಎಂದು ಪರೀಕ್ಷಿಸಿದೆ, ಇರಲಿಲ್ಲ. ತಾಮ್ರವನ್ನು ಹುಡುಕುವ ಯೋಚನೆಯೇ ಹೊಳೆಯಲಿಲ್ಲ. ನನ್ನ ಕೆಲಸದಲ್ಲಿ ತಾಮ್ರ ಎಲ್ಲಿಂದ ಬರಬೇಕು? ತಲೆ ಚಿಟ್ಟು ಹಿಡಿದುಹೋಯಿತು. ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಕೇಳಿದರೆ ಅವನ ಮೇಲೆ ಹಾರಿಬೀಳುತ್ತಿದ್ದೆ.

ಸಂಕ್ರಾಂತಿಗೆ ಎರಡು ದಿನ ಇತ್ತು. ಬೆಳಿಗ್ಗೆ ನಾನು ಲ್ಯಾಬಿಗೆ ಹೊರಟು ಹಿತ್ತಲಿಗೆ ಬಂದೆ. ಅಮ್ಮ ಮಡಿ ಪಾತ್ರೆಗಳನ್ನೆಲ್ಲ ಸುತ್ತ ಹರವಿಕೊಂಡು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು. ತೋಳು ನೋಯುತ್ತಿತ್ತೋ ಏನೋ, ತಾಮ್ರದ ತಪ್ಪಲೆಯನ್ನು ಎತ್ತಿ ತೋರಿಸಿ ಹೇಳಿದಳು:

"ನಿನ್ ಮಸಿ ಇನ್ನೊಂದ್ಚೂರು ತಂದ್ಕೊಡೇ. ಆವತ್ತು ಇದರಲ್ಲಿ ತೊಳೆದೆ ನೋಡು, ಹುಣಸೆಹಣ್ಣೇ ಬೇಡ, ತಪ್ಪಲೆ ತಾನಾಗೇ ಫಳಫಳ ಅಂತಿತ್ತು."

ಹೊರಟವಳು ತಿರುಗಿ ಅವಳ ಎದುರು ಬಂದು ನಿಂತೆ.

"ಯಾವುದರಲ್ಲಿ ತೊಳೆದೆ?"

"ಇದರಲ್ಲೇ."

"ನೀಲಿ ಟಬ್ಬು ಅಂತ ಹೇಳಿದ್ನಲ್ಲಮ್ಮ! ನೀಲಿ ಟಬ್ಬು! ಹತ್ತು ಸಲ ಬಡಕೊಂಡೆ!"

"ಅಯ್ಯೋ, ಆ ಟಬ್ಬು ಮೈಲಿಗೆದು ಕಣೇ, ಒಳಉಡುಪು ನೆನೆಹಾಕೋದು ಅದ್ರಲ್ಲೇ. ಮಡಿ ಇದ್ದ ಹಾಗೆ ಅಂತ ನೀನೇ ಹೇಳ್ದೆ. ಮಡಿಗೆ ಪ್ಲಾಸ್ಟಿಕ್ ಹಾಕ್ತಾರಾ ಯಾರಾದ್ರೂ? ಸ್ನಾನ ಮಾಡಿ, ಒದ್ದೆ ಸೀರೇಲಿ ತೊಳೆದಿದೀನಿ."

ಆಗ ನಾನು ಆಡಿದ ಮಾತನ್ನು ಇಲ್ಲಿ ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. "ನಿನ್ನ ಹಾಳು ಮಡಿ ನನ್ನ ಡಾಕ್ಟರೇಟನ್ನೇ ನುಂಗಿ ನೀರು ಕುಡೀತು" ಎಂದೆ. ಅಮ್ಮ ತಪ್ಪಲೆಯನ್ನು ಕೆಳಗಿಟ್ಟಳು. ಏನು ತಪ್ಪಾಯಿತೆಂದು ಅವಳಿಗೆ ಅರ್ಥವಾಗಲಿಲ್ಲ, ತಪ್ಪು ತನ್ನದು ಎಂಬುದಷ್ಟೇ ಅರ್ಥವಾಯಿತು. ನಾನು ಹೊರಟುಬಿಟ್ಟೆ. ಬಸ್ಸಿನಲ್ಲಿ ಕೂತ ಮೇಲೆ ನನಗೇ ಹೊಳೆಯಿತು. ಟಬ್ಬು ಎಂದು ಹೇಳಿದ್ದೂ ನಾನೇ, ಅದರ ಮೇಲೆ ಮಡಿ ಎಂದು ಹೇಳಿದ್ದೂ ನಾನೇ. ಎರಡರಲ್ಲಿ ಅಮ್ಮನಿಗೆ ಯಾವ ಮಾತು ದೊಡ್ಡದು ಎಂದು ಇಪ್ಪತ್ತೇಳು ವರ್ಷ ಅವಳ ಕೈಯಡುಗೆ ಉಂಡವಳಿಗೆ ಗೊತ್ತಿರಬೇಕಿತ್ತು. ಲ್ಯಾಬಿನ ಚೊಕ್ಕಟ ಬೇರೆ, ಅಮ್ಮನ ಚೊಕ್ಕಟ ಬೇರೆ. ಒಂದೇ ಮಾತಿನಲ್ಲಿ ಎರಡನ್ನೂ ಕಟ್ಟಲು ಹೋದವಳು ನಾನು.

ಲ್ಯಾಬಿನಲ್ಲಿ ಉಳಿದಿದ್ದ ಐದನೇ ಪುಡಿಯಲ್ಲಿ ಒಂದು ಚಮಚ ತೆಗೆದು ಆಸಿಡ್ಡಿನಲ್ಲಿ ಕಾಯಿಸಿ ಸೋಸಿದೆ. ಸೋಸಿದ ನೀರಿಗೆ ಅಮೋನಿಯಾ ಹನಿಸಿದೆ. ತಾಮ್ರ ಇದ್ದರೆ ನೀಲಿ ಬರುತ್ತದೆ, ಪಿಯುಸಿ ಮಕ್ಕಳೂ ಮಾಡುವ ಪರೀಕ್ಷೆ. ಬಂತು ನೀಲಿ. ತೆಳುವಾಗಿ, ಆದರೆ ಯಾವ ಅನುಮಾನಕ್ಕೂ ಜಾಗವಿಲ್ಲದ ನೀಲಿ. ಆಸಿಡ್ಡು ತಪ್ಪಲೆಯ ತಾಮ್ರವನ್ನು ಕರಗಿಸಿತ್ತು, ಕಾರ್ಬನ್ ಅದನ್ನು ಹೀರಿಕೊಂಡು ಕೂತಿತ್ತು. ಮೀಥೇನು ಕೊಟ್ಟದ್ದು ನಮ್ಮ ಮನೆಯ ತಪ್ಪಲೆ! ಈಗಲೂ ಎಲ್ಲಾದರೂ ಲೋಹವಿಲ್ಲದ ಕಾರ್ಬನ್ ಎಂದು ಪೇಪರು ಕಂಡರೆ, ಸ್ವಾಮಿ, ಯಾವ ಪಾತ್ರೆಯಲ್ಲಿ ತೊಳೆದಿರಿ ಎಂದು ಕೇಳಬೇಕೆನಿಸುತ್ತದೆ.

ಸಾರ್‌ಗೆ ಎಲ್ಲ ಹೇಳಿದೆ. ನೋಟ್‌ಬುಕ್ಕಿನಲ್ಲಿ ಏನು ಬರೆದಿದ್ದೀ ಎಂದು ಕೇಳಿದರು. ಆಸಿಡ್ಡು ಹೋಗುವತನಕ ತೊಳೆದೆ ಎಂದಷ್ಟೇ ಎಂದೆ. "ಅದು ಉಣ್ಮೈದಾನೇ?" ಎಂದರು. ಸತ್ಯವೇ ಅಲ್ಲವೇ? ಹೌದು, ಅಷ್ಟರಮಟ್ಟಿಗೆ ಸತ್ಯವೇ. ಆಮೇಲೆ ಮೇಜಿನತ್ತ ನೋಡುತ್ತ, "ಅಮ್ಮಾ ಕಿಟ್ಟ ಸೊಲ್ಲು, ಅದೇ ಮಾದಿರಿ ಇನ್ನೊರು ತಡವೆ ಕಳುವಟ್ಟುಂ" ಎಂದರು. ಅಮ್ಮ ಅದೇ ಥರ ಇನ್ನೊಮ್ಮೆ ತೊಳೆಯಲಿ, ಗುಡ್ಡ ಬರುತ್ತದೆ, ಪರಿಶೀಲಕರಿಗೆ ಕಳಿಸೋಣ, ಮಾರ್ಚಿಗೆ ಮುಗಿಯುತ್ತದೆ. ಯಾರಿಗೆ ಗೊತ್ತಾಗುತ್ತದೆ? ಅವರು ಕೆಟ್ಟವರಲ್ಲ. ನನ್ನ ಐದು ವರ್ಷವನ್ನು ಉಳಿಸುವುದಕ್ಕೆ ಅವರಿಗೆ ಕಂಡ ದಾರಿ ಅದೊಂದೇ.

ಸುಳ್ಳೇಕೆ, ನನಗೂ ಆಸೆಯಾಯಿತು. ಒಂದು ಗಳಿಗೆಯಲ್ಲ, ಪೂರ್ತಿ ಎರಡು ದಿನ. ಆಗಲೇ ಆಸಿಡ್ಡಿನಲ್ಲಿದ್ದ ಒಂಬತ್ತನೇ ಬ್ಯಾಚಿನ ಪುಡಿಯನ್ನು ತೆಗೆದು ಮನೆಗೇ ತಂದೆ. ಅಮ್ಮ ಎರಡು ದಿನದಿಂದ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಬೀಕರು ನೋಡಿ ಸೆರಗಿಗೆ ಕೈ ಒರೆಸಿಕೊಂಡು ಬಂದು ನಿಂತಳು.

"ಯಾವುದರಲ್ಲಿ ತೊಳೀಲಿ? ಈ ಸಲ ಪಾತ್ರೆ ಕೈಗೆತ್ತಿ ಕೊಟ್ಟು ಹೇಳು. ಹೋಲಿಕೆ ಗೀಲಿಕೆ ಬೇಡ."

ತಪ್ಪಲೆಯ ಕಡೆ ಬೆರಳು ತೋರಿಸಿದರೆ ಮುಗಿಯುತ್ತಿತ್ತು. ಆದರೆ ಆರು, ಏಳು, ಎಂಟನೇ ಬ್ಯಾಚುಗಳು ನೆನಪಾದವು. ನಮ್ಮ ಪೇಪರನ್ನು ನಂಬಿ ಇನ್ನೆಲ್ಲೋ ಯಾವಳೋ ಒಬ್ಬಳು ಚಿಪ್ಪು ಸುಡುತ್ತ ಕೂರುತ್ತಾಳೆ. ಅವಳದು ಎಂದಿಗೂ ಬರುವುದಿಲ್ಲ. ಅವಳ ಗೈಡು ಎಲ್ಲರೆದುರಿಗೆ ನಿನ್ನ ಕೈಯೇ ಸರಿಯಿಲ್ಲ ಎನ್ನುತ್ತಾನೆ. ಆ ಸಂಕಟ ನನಗೆ ಚೆನ್ನಾಗಿ ಗೊತ್ತಿತ್ತು.

"ಎರಡು ಪಾಲು ಮಾಡಮ್ಮ," ಎಂದೆ. "ಅರ್ಧ ತಪ್ಪಲೇಲಿ, ಅರ್ಧ ಟಬ್ಬಲ್ಲಿ. ಅದೇ ನೀರು, ಅದೇ ಕೈ, ಅಷ್ಟೇ ಸಲ."

"ಟಬ್ಬಲ್ಲಿ?"

"ಹೂಂ. ಟಬ್ಬಲ್ಲಿ."

ಅಮ್ಮ ಎರಡು ದಿನ ಎರಡನ್ನೂ ತೊಳೆದಳು. ತಪ್ಪಲೆಯದನ್ನು ಸ್ನಾನ ಮಾಡಿ ತೊಳೆದಳು. ಆಮೇಲೆ ಮುಖ ಸಿಂಡರಿಸಿಕೊಂಡು ಟಬ್ಬಿನಲ್ಲಿ ಕೈಯಿಟ್ಟು ತೊಳೆದು, ಮತ್ತೆ ಸ್ನಾನ ಮಾಡಿದಳು. ಲೆಕ್ಕ ತಪ್ಪಲಿಲ್ಲ, ಹಾಲಿನ ಕಾರ್ಡಿನ ಹಿಂದೆ ಎರಡು ಸಾಲಾಗಿ ಬರೆದಳು.

ತಪ್ಪಲೆಯ ಪುಡಿಗೆ ಗುಡ್ಡ ಎದ್ದಿತು. ಟಬ್ಬಿನ ಪುಡಿಗೆ ಗೆರೆ ಮಲಗಿದ್ದದ್ದು ಏಳಲೇ ಇಲ್ಲ. ಎರಡೂ ಕಾಗದಗಳನ್ನು ಅಕ್ಕಪಕ್ಕ ಸಾರ್ ಮೇಜಿನ ಮೇಲಿಟ್ಟೆ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಪೇಪರನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇವೆ ಎಂಬ ಪತ್ರವನ್ನು ಅವರೇ ಕೂತು ಬರೆದು, ಸಹಿ ಹಾಕಿ, ನನ್ನ ಕಡೆ ತಳ್ಳಿದರು. ನಾನೂ ಸಹಿ ಹಾಕಿದೆ.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಇದ್ದಳು.

"ಬಂತೇನೇ?"

"ತಾಮ್ರದ್ದು ಬಂತು. ಟಬ್ಬಿಂದು ಬರಲಿಲ್ಲ."

ಅವಳು ಎರಡು ಬೆರಳು ಎತ್ತಿ, ಒಂದನ್ನು ಮಡಿಚಿದಳು.

"ಅಂದ್ರೆ ಏನೋ ಒಂದು ಸೋಕಿದ್ರೇನೇ ಬರೋದು. ಸರಿಯಾಗಿ ತೊಳೆದ್ರೆ ಏನೂ ಬರೋಲ್ಲ."

"ಹೂಂ. ಏನೂ ಬರೋಲ್ಲ."

"ಇನ್ನೇನ್ ಮಾಡ್ತೀಯೇ?"

"ಏನೂ ಬರೋಲ್ಲ ಅಂತಾನೇ ಬರೆದು ಕೊಡ್ತೀನಿ."

"ಅದಕ್ಕೆ ಡಾಕ್ಟರ್ ಅಂತಾರಾ?"

"ಗೊತ್ತಿಲ್ಲಮ್ಮ" ಎಂದೆ. ಅಲ್ಲಿಯೇ ಚಪ್ಪಲಿ ಕಾಲಿನಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತುಬಿಟ್ಟೆ. ಅಮ್ಮ ಪಕ್ಕದಲ್ಲಿ ಕೂತಳು, ಮಡಿಯಲ್ಲಿದ್ದವಳು ನನ್ನ ತಲೆ ಮುಟ್ಟಿದಳು.

ಯಾರೂ ಡಾಕ್ಟರ್ ಅನ್ನಲಿಲ್ಲ. ಮಾರ್ಚ್ ಮುಗಿಯಿತು, ಅದಾಗಿ ಇಷ್ಟು ವರ್ಷವಾಯಿತು, ನಾನು ಇನ್ನೂ ಬರೀ ಎಂ.ಎಸ್ಸಿ.